ಲಾಕ್ ಆಗದ ಫಲಕ, ಮಧ್ಯಾಹ್ನ ಎರಡರ ಕಕ್ಷೆ

1997ರ ಅಕ್ಟೋಬರ್ 6. ನಾಸಾದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಮಂಗಳದ ಸುತ್ತ ತನ್ನ 15ನೇ ಸುತ್ತಿನಲ್ಲಿತ್ತು. ಸುತ್ತಿಗೊಮ್ಮೆ ನೆಲದಿಂದ ಸುಮಾರು 110 ಕಿ.ಮೀ. ಎತ್ತರಕ್ಕೆ ಇಳಿಯಬೇಕು, ಅಲ್ಲಿರುವ ತೆಳ್ಳನೆಯ ಗಾಳಿಯನ್ನು ಸವರಿಕೊಂಡು ಒಂದಿಷ್ಟು ವೇಗ ಕಳೆದುಕೊಳ್ಳಬೇಕು, ಮತ್ತೆ ಮೇಲೇರಬೇಕು. ಆಗ ಅದಕ್ಕಿದ್ದ ಕೆಲಸ ಇಷ್ಟೇ. ಆ ದಿನ ಗಾಳಿ ಲೆಕ್ಕಕ್ಕಿಂತ ದಟ್ಟವಾಗಿತ್ತು. ನೌಕೆಯ ಎರಡು ಸೌರಫಲಕಗಳಲ್ಲಿ ಒಂದು ಉಡಾವಣೆಯ ದಿನದಿಂದಲೂ ಪೂರ್ತಿ ಬಿಚ್ಚಿ ಲಾಕ್ ಆಗಿರಲಿಲ್ಲ. ಅದು ಈ ಸಲ ನಿಲ್ಲಬೇಕಾದ ಜಾಗವನ್ನೂ ದಾಟಿ ಬಾಗಿತು. ಕೆಲವೇ ದಿನಗಳಲ್ಲಿ ಗಾಳಿಯಲ್ಲಿ ಇಳಿಯುವುದನ್ನೇ ನಿಲ್ಲಿಸಲಾಯಿತು. ನಾಲ್ಕು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿದದ್ದು 1999ರ ಫೆಬ್ರವರಿಯಲ್ಲಿ.

ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುವ ಅಂತಿಮ ವರ್ಷದವರೊಂದಿಗೆ ಶನಿವಾರ ಸಂಜೆ ನಡೆಸುವ ಚರ್ಚೆಗೆ ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಒಂದು ತಕ್ಷಣದ ಕಾರಣವಿತ್ತು. ನಮ್ಮ ಶುಕ್ರಯಾನಕ್ಕೆ ಕೇಂದ್ರ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ 1,236 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ, 2028ರ ಮಾರ್ಚ್ ಉಡಾವಣೆಯ ಗುರಿ, ಮತ್ತು ಕಕ್ಷೆ ತಗ್ಗಿಸಲು ಏರೋಬ್ರೇಕಿಂಗ್, ಅಂದರೆ ಹೀಗೆ ಗಾಳಿಯನ್ನು ಸವರಿ ವೇಗ ಕಳೆಯುವ ವಿಧಾನ, ಬಳಸುವ ಯೋಚನೆಯಿದೆ. ಮಂಗಳಯಾನದಲ್ಲಿ ಇದರ ಗೊಡವೆಯೇ ಇರಲಿಲ್ಲ. 2014ರಲ್ಲಿ ಅದು ಸುಮಾರು 420 ಕಿ.ಮೀ.ನಿಂದ 77,000 ಕಿ.ಮೀ.ವರೆಗಿನ ಉದ್ದ ಕಕ್ಷೆಗೆ ಸೇರಿ ಅಲ್ಲೇ ಉಳಿಯಿತು. ಅದಕ್ಕೆ ಅಷ್ಟು ಸಾಕಿತ್ತು. ಇಡೀ ಗ್ರಹದ ನಕ್ಷೆ ತೆಗೆಯಬೇಕೆನ್ನುವ ನೌಕೆಗೆ ಸಾಲದು.

ಗಾಳಿಯೇ ಯಾಕೆ ಬೇಕಾಯಿತು

1993ರ ಆಗಸ್ಟ್‌ನಲ್ಲಿ ಮಾರ್ಸ್ ಅಬ್ಸರ್ವರ್ ಎಂಬ ನೌಕೆ ಮಂಗಳವನ್ನು ಮುಟ್ಟಲು ಮೂರು ದಿನ ಇರುವಾಗ ಸಂಪರ್ಕ ಕಳೆದುಕೊಂಡು ಮಾಯವಾಯಿತು. ಅದರ ಉಪಕರಣಗಳ ಬಿಡಿ ಪ್ರತಿಗಳು ಭೂಮಿಯಲ್ಲಿ ಉಳಿದಿದ್ದವು. ಅವನ್ನೇ ಹೊತ್ತು, ಕಡಿಮೆ ಖರ್ಚಿನಲ್ಲಿ, ಚಿಕ್ಕ ರಾಕೆಟ್ಟಿನಲ್ಲಿ ಹೋಗುವ ನೌಕೆಯಾಗಿ ಸರ್ವೇಯರ್ ಹುಟ್ಟಿತು. 1996ರ ನವೆಂಬರ್ 7ರಂದು ಡೆಲ್ಟಾ-2 ರಾಕೆಟ್ ಅದನ್ನು ಒಯ್ದಿತು. ತೂಕ ಒಂದು ಟನ್ನಿಗೆ ತುಸು ಮೇಲೆ, ಅಷ್ಟೇ. ಇಂಧನಕ್ಕೆ ಕತ್ತರಿ ಬಿದ್ದದ್ದು ಇಲ್ಲಿಂದ.

ಇಂಧನ ಎಷ್ಟು ಕಡಿಮೆ ಬಿತ್ತೆಂದು ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. 1997ರ ಸೆಪ್ಟೆಂಬರ್ 12ರಂದು ಮಂಗಳ ತಲುಪಿ ಸುಮಾರು 22 ನಿಮಿಷ ಎಂಜಿನ್ ಉರಿಸಿದ ಮೇಲೆ ನೌಕೆಗೆ ದಕ್ಕಿದ್ದು 45 ಗಂಟೆಯ ಕಕ್ಷೆ. ಅದರ ದೂರಬಿಂದು, ಅಂದರೆ ಗ್ರಹದಿಂದ ಅತಿ ದೂರ ಹೋಗುವ ಜಾಗ, 54,000 ಕಿ.ಮೀ. ಆಚೆ. ಬೇಕಾಗಿದ್ದದ್ದು ಎರಡು ಗಂಟೆಗೆ ಒಂದು ಸುತ್ತು ಹಾಕುವ, ನೆಲದಿಂದ 400 ಕಿ.ಮೀ.ಗೂ ಒಳಗಿನ ದುಂಡು ಕಕ್ಷೆ. ಉದ್ದ ಕಕ್ಷೆಯ ಸಮೀಪಬಿಂದುವಿನಲ್ಲಿ, ಅಂದರೆ ಗ್ರಹಕ್ಕೆ ಅತಿ ಹತ್ತಿರ ಬರುವ ಜಾಗದಲ್ಲಿ, ವೇಗ ಸೆಕೆಂಡಿಗೆ 4.8 ಕಿ.ಮೀ., ದೂರಬಿಂದು 450 ಕಿ.ಮೀ.ಗೆ ಇಳಿದಾಗ ಅದೇ ಜಾಗದಲ್ಲಿ 3.58 ಕಿ.ಮೀ. ಕಳೆಯಬೇಕಾದ ವೇಗ ಸೆಕೆಂಡಿಗೆ ಹತ್ತಿರಹತ್ತಿರ 1,220 ಮೀಟರ್. ಇದನ್ನು ಎಂಜಿನ್ನಿನಿಂದಲೇ ಮಾಡಿದರೆ ಮಂಗಳದ ಬಾಗಿಲಿನಲ್ಲೇ ಇನ್ನೂ 350 ಕೆ.ಜಿ.ಗೂ ಹೆಚ್ಚು ಇಂಧನ ಬೇಕು. ಅಷ್ಟನ್ನು ಅಲ್ಲಿಯವರೆಗೆ ಹೊರುವ ರಾಕೆಟ್ ಇವರಿಗೆ ಸಿಕ್ಕಿರಲಿಲ್ಲ. ಹಾಗಾಗಿ ಏರೋಬ್ರೇಕಿಂಗ್ ಇಲ್ಲಿ ಸಾಹಸವಾಗಲಿ ಪ್ರಯೋಗವಾಗಲಿ ಅಲ್ಲ, ಉಳಿದಿದ್ದ ಏಕೈಕ ದಾರಿ.

ಒಂದೊಂದು ಇಳಿತಕ್ಕೆ ಎಷ್ಟು ಸಿಗುತ್ತದೆ? ಸುಮಾರು 17 ಚದರ ಮೀಟರ್ ವಿಸ್ತೀರ್ಣ, ಪ್ರತಿ ಚದರ ಮೀಟರಿಗೆ 0.6 ನ್ಯೂಟನ್ ಒತ್ತಡ, ಎಳೆತದ ಗುಣಾಂಕ 2 ಎಂದಿಟ್ಟುಕೊಂಡರೆ ಒಟ್ಟು ಎಳೆತ 20 ನ್ಯೂಟನ್ ಆಸುಪಾಸು. ಗಾಳಿಯಲ್ಲಿರುವ ಹೊತ್ತು ಒಂದೂವರೆ ನಿಮಿಷದ ಅಂದಾಜು. ಕೊನೆಗೆ ಕೈಗೆ ಬರುವುದು ಸೆಕೆಂಡಿಗೆ ಎರಡು ಮೀಟರಿನಷ್ಟು ಬ್ರೇಕು. ಇಲ್ಲಿ ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡರು. ಸೆಕೆಂಡಿಗೆ 4,800 ಮೀಟರ್ ಓಡುವುದರಲ್ಲಿ ಎರಡು ಹೋದರೆಷ್ಟು, ಬಿಟ್ಟರೆಷ್ಟು?

ಆದರೆ ಅದೇ ಎರಡು ಮೀಟರ್ 45 ಗಂಟೆಯ ಕಕ್ಷೆಯಲ್ಲಿ ದೂರಬಿಂದುವನ್ನು ಒಂದೇ ಏಟಿಗೆ 800 ಕಿ.ಮೀ.ಗಿಂತ ಹೆಚ್ಚು ಕೆಳಗೆ ತರುತ್ತದೆ, ಸುತ್ತಿನ ಅವಧಿಯಿಂದ ಸುಮಾರು 55 ನಿಮಿಷ ಕತ್ತರಿಸುತ್ತದೆ. ಕೊನೆಯ ಹಂತದ ಪುಟ್ಟ ಕಕ್ಷೆಯಲ್ಲಿ ಅದೇ ಎರಡು ಮೀಟರಿನಿಂದ ದೂರಬಿಂದು ಇಳಿಯುವುದು 9 ಕಿ.ಮೀ. ಮಾತ್ರ. ಬ್ರೇಕು ಒಂದೇ, ಫಲ ಬೇರೆ. ಶುರುವಿನಲ್ಲಿ ಸುತ್ತುಗಳು ಕಡಿಮೆ, ಒಂದೊಂದರ ಲಾಭ ದೊಡ್ಡದು. ಕೊನೆಯಲ್ಲಿ ದಿನಕ್ಕೆ ಹನ್ನೆರಡರ ಹತ್ತಿರ ಸುತ್ತು, ಒಂದೊಂದರ ಲಾಭ ಚಿಲ್ಲರೆ. ಈ ಏರುಪೇರನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮುಂದಿನ ತೀರ್ಮಾನ ಅರ್ಥವಾಗುವುದಿಲ್ಲ.

ಫಲಕಕ್ಕೆ ಆದದ್ದು

ಉಡಾವಣೆಯ ನಂತರ ಫಲಕಗಳು ಬಿಚ್ಚಿಕೊಂಡಾಗ ಒಂದು ಫಲಕ 20.5 ಡಿಗ್ರಿ ಹಿಂದೆಯೇ ನಿಂತಿತು. ಬಿಚ್ಚುವ ವೇಗವನ್ನು ತಡೆಯುವ ಡ್ಯಾಂಪರಿನ ಸನ್ನೆಕೋಲೊಂದು ಮುರಿದು ಕೀಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ ಎಂಬುದು ಆಗಿನ ಊಹೆ. ವಿದ್ಯುತ್ತಿಗೆ ಅದರಿಂದ ತೊಂದರೆಯಿಲ್ಲ. ತೊಂದರೆ ಇದ್ದದ್ದು ಗಾಳಿಗೆ ಒಡ್ಡುವಾಗ, ಯಾಕೆಂದರೆ ನೌಕೆಯ ಬ್ರೇಕು ಅಂದರೆ ಈ ಫಲಕಗಳೇ. ಇದಕ್ಕೆ ಅವರು ಕಂಡುಕೊಂಡ ಉಪಾಯ ಚೆನ್ನಾಗಿತ್ತು. ಆ ಫಲಕವನ್ನು 180 ಡಿಗ್ರಿ ತಿರುಗಿಸಿ ಸೌರಕೋಶಗಳ ಮುಖವನ್ನೇ ಗಾಳಿಗೆ ಕೊಟ್ಟರು. ಆಗ ಗಾಳಿಯ ಒತ್ತಡ ಫಲಕವನ್ನು ಮಡಚುವ ಬದಲು ಲಾಕ್ ಆಗುವ ದಿಕ್ಕಿಗೇ ತಳ್ಳುತ್ತದೆ. ಅದೃಷ್ಟವಿದ್ದರೆ ಸಿಕ್ಕಿಕೊಂಡ ಚೂರು ಜಜ್ಜಿ ಫಲಕ ಲಾಕ್ ಆದರೂ ಆದೀತು.

ಅಕ್ಟೋಬರ್ 6ರಂದು ಒತ್ತಡ ಚದರ ಮೀಟರಿಗೆ ಸುಮಾರು 0.9 ನ್ಯೂಟನ್ನಿಗೆ ಏರಿತು. ಫಲಕ ಲಾಕ್ ಆಗುವ ಜಾಗಕ್ಕೆ ಬಂತು, ಅಲ್ಲಿ ನಿಲ್ಲದೆ ಮುಂದೆ ಹೋಯಿತು. ತೊಂದರೆ ಕೀಲಿನಲ್ಲಷ್ಟೇ ಇದೆ ಅಂದುಕೊಂಡಿದ್ದವರಿಗೆ ಇದು ಬೇರೆಯದೇ ಸುದ್ದಿ ಹೇಳಿತು. ಕೀಲು ಆ ಜಾಗ ದಾಟಿ ಹೋಗುವಂತಿಲ್ಲ. ಹಾಗಾದರೆ ಬಾಗುತ್ತಿರುವುದು ಇನ್ನೇನೋ. ಪರಿಶೀಲಿಸಿದಾಗ ಬೆರಳು ಹೋದದ್ದು ಫಲಕವನ್ನು ನೌಕೆಗೆ ಸೇರಿಸುವ ಯೋಕ್ ಎಂಬ ತ್ರಿಕೋನ ಚೌಕಟ್ಟಿನ ಕಡೆಗೆ. ಜೇನುಗೂಡಿನಂಥ ಒಳತಿರುಳಿನ ಮೇಲೆ ಗ್ರಾಫೈಟ್ ಹಾಳೆ ಅಂಟಿಸಿದ ರಚನೆ ಅದು. ಡ್ಯಾಂಪರ್ ಮುರಿದಾಗ ಫಲಕ ತಡೆಯಿಲ್ಲದೆ ಬಿಚ್ಚಿಕೊಂಡು ಹೊಡೆದ ಏಟಿಗೆ ಆ ಹಾಳೆ ಬಿರುಕು ಬಿಟ್ಟಿರಬೇಕು, ಈಗ ಗಾಳಿ ಆ ಬಿರುಕನ್ನು ಪದೇ ಪದೇ ಮಡಚುತ್ತಿದೆ. ಲೋಹದ ತಂತಿಯಂತೆ ಎಷ್ಟು ಸಲ ಮಡಚಿದರೆ ತುಂಡಾಗುತ್ತದೆಂದು ಪುಸ್ತಕ ನೋಡಿ ಹೇಳುವ ವಸ್ತು ಅದಲ್ಲ.

0.9 ನ್ಯೂಟನ್ ಅಂದರೆ ಎಷ್ಟು ಎಂಬ ಪ್ರಶ್ನೆಗೆ ಮುಂಡರಗಿ ಕಡೆಯ ಹುಡುಗನೊಬ್ಬ ಉತ್ತರ ಕೊಟ್ಟ. ಕಪ್ಪತಗುಡ್ಡದ ಗಾಳಿಯಂತ್ರಗಳ ನೆರಳಿನಲ್ಲಿ ಬೆಳೆದವನು. ಗದಗಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.1 ಕೆ.ಜಿ. ಎಂದಿಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದ. ಅಷ್ಟು ಒತ್ತಡ ಬರಲು ನಮ್ಮೂರ ಗಾಳಿ ಸೆಕೆಂಡಿಗೆ 1.3 ಮೀಟರ್ ಬೀಸಿದರೆ ಸಾಕು. "ಅಷ್ಟ ಗಾಳಿಗೆ ನಮ್ಮ ಫ್ಯಾನ್ ಕದಲೂದೂ ಇಲ್ರಿ ಸರ. ಮೂರ ಮೀಟರ್ ಮ್ಯಾಲ ಬಂದ್ರ ಮಾತ್ರ ತಿರಗತಾವ." ಸರಿಯಾದ ಮಾತು. ಇಷ್ಟು ಮೆಲ್ಲನೆಯ ಒತ್ತಡಕ್ಕೆ ಹೆದರಿ ಒಂದು ಗ್ರಹದ ಕಾರ್ಯಾಚರಣೆ ನಿಲ್ಲುತ್ತದೆ ಎಂಬುದನ್ನು ಅರಗಿಸಿಕೊಳ್ಳಲು ಗುಂಪಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗಾಳಿಯಂತ್ರದ ರೆಕ್ಕೆಯನ್ನು ಬಿರುಗಾಳಿಗೆ ಕಟ್ಟುತ್ತಾರೆ. ಈ ಫಲಕವನ್ನು ಕಟ್ಟಿದ್ದು ತೆಳ್ಳನೆಯ ಗಾಳಿಯನ್ನು ಸವರುವುದಕ್ಕಷ್ಟೇ, ಗ್ರಾಮಿನ ಲೆಕ್ಕದಲ್ಲಿ ತೂಕ ಉಳಿಸಿ.

ನಿಲ್ಲಿಸುವುದು ಮಾತ್ರ ಅಗ್ಗ. ದೂರಬಿಂದುವಿನಲ್ಲಿ ನೌಕೆ ಸೆಕೆಂಡಿಗೆ 350 ಮೀಟರ್ ವೇಗದಲ್ಲಿ ತೆವಳುತ್ತಿರುತ್ತದೆ. ಅಲ್ಲಿ ಸೆಕೆಂಡಿಗೆ ಮೂರು ಮೀಟರಿಗೂ ಕಡಿಮೆ ವೇಗ ಹೆಚ್ಚಿಸಿದರೆ ಸಮೀಪಬಿಂದು 110ರಿಂದ 170 ಕಿ.ಮೀ.ಗೆ ಏರುತ್ತದೆ, ಗಾಳಿ ಎಷ್ಟೋ ಪಟ್ಟು ತೆಳುವಾಗುತ್ತದೆ. ಅಕ್ಟೋಬರ್ 12ರ ಹೊತ್ತಿಗೆ ಅದನ್ನೇ ಮಾಡಿದರು. ಕಕ್ಷೆ ಆಗ ಸುಮಾರು 35 ಗಂಟೆಯದು. ಮುಂದಿನ ತಿಂಗಳು ಯೋಚನೆಗೆ ಸಿಕ್ಕಿತು.

ಹನ್ನೆರಡು ತಿಂಗಳ ಬಲೆ

ಪ್ರಕರಣದ ತಿರುಳು ಇಲ್ಲಿದೆ. ತಂಡ ಕೊನೆಗೆ ಒಪ್ಪಿದ್ದು ಒತ್ತಡವನ್ನು 0.6ರಿಂದ 0.2ರ ಸುಮಾರಿಗೆ ಇಳಿಸಿ ಮುಂದುವರಿಯುವುದಕ್ಕೆ. ನವೆಂಬರ್ 7ರಂದು ಮತ್ತೆ ಶುರು ಮಾಡಿದರು. ನಕ್ಷೆ ತೆಗೆಯುವ ಕೆಲಸ 1998ರ ಮಾರ್ಚ್ ಬದಲು 1999ರ ಮಾರ್ಚ್‌ಗೆ ಹೋಯಿತು.

"ಒತ್ತಡ ಮೂರನೇ ಒಂದ ಭಾಗ ಆತು, ನಾಕ ತಿಂಗಳ ಕೆಲಸ ಹನ್ನೆರಡ ತಿಂಗಳಾತು. ಇದರಾಗ ಕೇಸ್ ಸ್ಟಡಿ ಎಲ್ಲೈತ್ರಿ?" ಎಂದಳು ಒಬ್ಬಳು. ಗುಣಾಕಾರ ಎಷ್ಟು ಸೊಗಸಾಗಿ ಹೊಂದುತ್ತದೆಂದರೆ ನಂಬದೇ ಇರುವುದು ಕಷ್ಟ. ಅದಕ್ಕೇ ಎದುರಿಗೆ ಒಂದು ದಿನಾಂಕವಿಟ್ಟೆ. 1998ರ ಮಾರ್ಚ್ 27ರಂದು, ಕಕ್ಷೆ 11.6 ಗಂಟೆಗೆ ಇಳಿದಾಗ, ಏರೋಬ್ರೇಕಿಂಗ್ ಅನ್ನು ಬೇಕೆಂದೇ ನಿಲ್ಲಿಸಿದರು. ಮತ್ತೆ ಶುರುವಾದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಆರು ತಿಂಗಳು ಸುಮ್ಮನೆ ಕೂತರು. ತಡವಾದದ್ದು ಬ್ರೇಕು ದುರ್ಬಲವಾದ್ದರಿಂದ ಮಾತ್ರವೇ ಆಗಿದ್ದರೆ, ಈ ಆರು ತಿಂಗಳು ಯಾಕೆ?

ಉತ್ತರ ಗಾಳಿಯಲ್ಲಿಲ್ಲ, ಸೂರ್ಯನಲ್ಲಿದೆ. ಸರ್ವೇಯರ್‌ಗೆ ಬೇಕಾಗಿದ್ದದ್ದು ಯಾವುದೋ ಒಂದು ದುಂಡು ಕಕ್ಷೆಯಲ್ಲ, ಮಂಗಳದ ಸಮಭಾಜಕವನ್ನು ಪ್ರತಿ ಸಲವೂ ಅಲ್ಲಿನ ಮಧ್ಯಾಹ್ನ ಎರಡು ಗಂಟೆಗೆ ದಾಟುವ ಕಕ್ಷೆ. ಕ್ಯಾಮೆರಾಗೆ ನೆರಳು ಬೇಕು, ಉಷ್ಣಮಾಪಕಕ್ಕೆ ಬೆಚ್ಚನೆಯ ನೆಲ ಬೇಕು. ಎರಡು ಗಂಟೆ ಇವೆರಡರ ನಡುವಿನ ರಾಜಿ. ಮಂಗಳ ನಡುವಿನಲ್ಲಿ ಉಬ್ಬಿದೆ. ಕೆಳಗಿನ ಕಕ್ಷೆಯಲ್ಲಿ, ಸರಿಯಾದ ಓರೆಯಲ್ಲಿ ಸುತ್ತಿದರೆ ಆ ಉಬ್ಬು ಕಕ್ಷೆಯ ತಲವನ್ನು ಮೆಲ್ಲಗೆ ತಿರುಗಿಸುತ್ತ ಸೂರ್ಯನ ಜೊತೆ ಹೆಜ್ಜೆ ಹಾಕಿಸುತ್ತದೆ. ಎರಡು ಗಂಟೆ ಎರಡು ಗಂಟೆಯಾಗಿಯೇ ಉಳಿಯುತ್ತದೆ.

ದೊಡ್ಡ ಕಕ್ಷೆಯಲ್ಲಿ ಆ ತಿರುಗುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಕಕ್ಷೆಯ ತಲ ನಕ್ಷತ್ರಗಳ ಎದುರು ಹೆಚ್ಚುಕಡಿಮೆ ಸ್ಥಿರ, ಮಂಗಳ ಮಾತ್ರ ಸೂರ್ಯನ ಸುತ್ತ ಸಾಗುತ್ತಿರುತ್ತದೆ. 687 ದಿನಕ್ಕೆ 24 ಗಂಟೆ, ಅಂದರೆ ದಿನಕ್ಕೆ 2.1 ನಿಮಿಷದಂತೆ ಕಕ್ಷೆಯ ಗಂಟೆ ಹಿಂದಕ್ಕೆ ಜಾರುತ್ತದೆ. ನೌಕೆ ಬಂದಿಳಿದಾಗ ಅದು ಸಂಜೆ ಆರರ ಹತ್ತಿರ ಇತ್ತು. ನಾಲ್ಕು ತಿಂಗಳಿಗೆ ನಾಲ್ಕು ಗಂಟೆ ಜಾರಿ ಎರಡಕ್ಕೆ ಬರುತ್ತದೆ. ಅಷ್ಟರೊಳಗೆ ಕಕ್ಷೆ ಇಳಿದಿರಬೇಕು, ಆಗ ಗಂಟೆ ಅಲ್ಲೇ ಬೀಗ ಹಾಕಿಕೊಳ್ಳುತ್ತದೆ. ಮೂಲ ಯೋಜನೆಯ ನಾಲ್ಕು ತಿಂಗಳು ಬಂದದ್ದು ಫಲಕದ ಬಲದಿಂದಲ್ಲ, ಈ ಗಡುವಿನಿಂದ.

ಈಗ ಫಲಕ ಬಿರುಕು ಬಿಟ್ಟಿದೆ. ಒತ್ತಡ ಇಳಿಸಿದರೆ ಗಡುವು ತಪ್ಪುತ್ತದೆ. ಎರಡು ಗಂಟೆ ಕಳೆದು ಒಂದು, ಹನ್ನೆರಡು, ಬೆಳಗಿನ ಹತ್ತು ಎಂದು ಜಾರಿ ಹೋಗುತ್ತದೆ. ನೆತ್ತಿಯ ಮೇಲಿನ ಸೂರ್ಯನಲ್ಲಿ ಬೀಗ ಬಿದ್ದರೆ ಕ್ಯಾಮೆರಾಗೆ ನೆರಳೇ ಇಲ್ಲ, ಇಡೀ ಮಿಷನ್ ಮಂಕು. ಒತ್ತಡ ಇಳಿಸದಿದ್ದರೆ ಫಲಕ ಹೋಗುತ್ತದೆ, ಅದರ ಜೊತೆ ನೌಕೆಯೂ.

ಗುಂಪಿನಲ್ಲಿ ಇಲ್ಲಿ ಎರಡು ಪಕ್ಷವಾಯಿತು. ಧಾರವಾಡದಿಂದ ಬರುವ ಇಬ್ಬರು 0.4ಕ್ಕೆ ಇಟ್ಟು ನೋಡಬೇಕಿತ್ತು, ಗಡುವಿಗೆ ಹತ್ತಿರವಾದರೂ ಹೋಗಬಹುದಿತ್ತು ಎಂದು ಪಟ್ಟು ಹಿಡಿದರು. ಅವರ ವಾದ ತೆಗೆದುಹಾಕುವಂಥದ್ದಲ್ಲ, ಅದಕ್ಕೂ ಹಿಂದಿನ ಕೆಲವು ಸುತ್ತುಗಳಲ್ಲಿ ಫಲಕ ಗಾಳಿಯ ಒತ್ತಡ ತಿಂದು ಉಳಿದಿತ್ತಲ್ಲ! ಆದರೆ 0.6 ಎಂದು ಗುರಿಯಿಟ್ಟ ದಿನವೇ 0.9 ಬಂದದ್ದು. ಮಂಗಳದ ಮೇಲುಗಾಳಿ ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಷ್ಟು ಹೊಯ್ದಾಡುತ್ತದೆ. ನಮ್ಮ ಗುರಿ ನಮ್ಮ ಕೈಯಲ್ಲಿ, ಬರುವ ಗಾಳಿ ಅಲ್ಲ.

ಆ ತಂಡ ಮಾಡಿದ್ದು ಗಡುವನ್ನು ಬದಲಿಸುವ ಕೆಲಸ. ಗಂಟೆ ಜಾರಲಿ, ಪೂರ್ತಿ ಹನ್ನೆರಡು ಗಂಟೆ ಜಾರಲಿ ಎಂದು ಬಿಟ್ಟರು. ಮಧ್ಯಾಹ್ನ ಎರಡಕ್ಕೆ ಉತ್ತರದಿಂದ ದಕ್ಷಿಣಕ್ಕೆ ದಾಟಬೇಕಿದ್ದ ಬದಿ ರಾತ್ರಿ ಎರಡಕ್ಕೆ ಬರುತ್ತದೆ. ಆಗ ಆಚೆ ಬದಿ ಮಧ್ಯಾಹ್ನ ಎರಡರಲ್ಲಿರುತ್ತದೆ. ಸೂರ್ಯನಿಗೂ ಕಕ್ಷೆಗೂ ಇರುವ ಕೋನ ಮತ್ತೆ ಅದೇ. ವ್ಯತ್ಯಾಸ ಒಂದೇ, ಹಗಲಿನ ಕಡೆ ನೌಕೆ ಈಗ ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಕ್ಯಾಮೆರಾಗೆ ಅದರಿಂದ ಏನೂ ಆಗಬೇಕಿಲ್ಲ. ಹನ್ನೆರಡು ಗಂಟೆ ಜಾರಲು ಅರ್ಧ ಮಂಗಳವರ್ಷ ಬೇಕು, ಅಂದರೆ 343 ದಿನ. 1998ರ ಶುರುವಿಗೆ ಅದನ್ನು ಕೂಡಿಸಿದರೆ 1999ರ ಶುರು. ನಡುವಿನ ಆರು ತಿಂಗಳ ನಿಲುಗಡೆ ಬೇಗ ಮುಗಿದುಹೋಗದಿರಲೆಂದು. ಕಕ್ಷೆ ಬೇಗ ಇಳಿದಿದ್ದರೆ ತಪ್ಪು ಗಂಟೆಯಲ್ಲಿ ಬೀಗ ಬೀಳುತ್ತಿತ್ತು.

ಗುಣಾಕಾರ ಮಾಡಿದ ಹುಡುಗಿ 687ನ್ನು ತಾನೇ ಎರಡರಿಂದ ಭಾಗಿಸಿ ನೋಡಿ, "ಹಂಗಾದ್ರ ಫಲಕ ಇನ್ನೂ ವೀಕ್ ಇದ್ದಿದ್ರೂ ಇಷ್ಟ ಟೈಮ್ ಹಿಡೀತಿತ್ತು" ಅಂದಳು. ಹೌದು. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ವರ್ಷ ಹೇಗೂ ಹೋಗುತ್ತದೆ ಎಂದಾದ ಮೇಲೆ ಒತ್ತಡವನ್ನು ಫಲಕ ತಾಳುವ ತುದಿಯಲ್ಲಿ ಇಡುವ ಅಗತ್ಯವೇ ಇಲ್ಲ. 0.2 ಎಂಬ ಅಂಕಿ ಬಿರುಕಿನ ಪರೀಕ್ಷೆಯಿಂದಷ್ಟೇ ಬಂದದ್ದಲ್ಲ, ವಿರಾಮವಾಗಿ ಹೋದರೂ ಸಾಕು ಎಂಬ ಲೆಕ್ಕ ಅದಕ್ಕೆ ಜಾಗ ಮಾಡಿಕೊಟ್ಟಿತು.

ಆ ಜಾಗ ಎಷ್ಟು ಬೇಕಾಗಿತ್ತು ಎಂಬುದು ಮೂರೇ ವಾರದಲ್ಲಿ ತಿಳಿಯಿತು. ನವೆಂಬರ್ ಕೊನೆಯಲ್ಲಿ ದಕ್ಷಿಣ ಗೋಳಾರ್ಧದ ನೋಯಾಕಿಸ್ ಪ್ರದೇಶದಲ್ಲಿ ಧೂಳುಬಿರುಗಾಳಿ ಎದ್ದಿತು. ನೌಕೆ ಗಾಳಿಗೆ ಇಳಿಯುತ್ತಿದ್ದದ್ದು ಉತ್ತರ ಗೋಳಾರ್ಧದಲ್ಲಿ, ಸಾವಿರಾರು ಕಿ.ಮೀ. ದೂರ. ಆದರೂ ಕೆಲವೇ ದಿನಗಳಲ್ಲಿ ಅಲ್ಲಿನ ಮೇಲುಗಾಳಿ ಎರಡು ಪಟ್ಟಿಗೂ ಮಿಕ್ಕಿ ದಟ್ಟವಾಯಿತು. ಧೂಳು ಬಿಸಿಲು ಹೀರಿ ಕೆಳಗಿನ ಗಾಳಿಯನ್ನು ಕಾಯಿಸುತ್ತದೆ, ಕಾದ ಗಾಳಿ ಉಬ್ಬಿ ಮೇಲಿನದನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ನೌಕೆಯ ಉಷ್ಣಮಾಪಕ ಬಿರುಗಾಳಿಯನ್ನು ಕಂಡಿತ್ತು, ಸಮೀಪಬಿಂದುವನ್ನು ಮೇಲೆತ್ತಿ ಬಚಾವಾದರು. 0.4ರ ಪಕ್ಷದವರು ಇದನ್ನು ಕೇಳಿದ ಮೇಲೆ ತಮ್ಮ ಅಂಕಿಯನ್ನು ತಾವೇ ಎರಡರಿಂದ ಗುಣಿಸಿ ನೋಡಿದರು. ಒಬ್ಬ ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ, ಚಿಗರಿ ಬಸ್ಸು ಹತ್ತುವವರೆಗೂ ವಾದ ಮುಂದುವರಿಸಿದ್ದನಂತೆ.

ತಡವಾದ ವರ್ಷದಲ್ಲಿ ಸಿಕ್ಕಿದ್ದು

ನಷ್ಟದ ಖಾತೆಯಲ್ಲಿ ಬರೆದ ಆ ವರ್ಷ ಬರಿದಾಗಿರಲಿಲ್ಲ. ಮಂಗಳಕ್ಕೆ ಈಗ ಭೂಮಿಯಂಥ ಒಟ್ಟಾರೆ ಕಾಂತಕ್ಷೇತ್ರವಿಲ್ಲ. ಆದರೆ ಅದರ ಹಳೆಯ ತೊಗಟೆಯಲ್ಲಿ ಕಾಂತತೆ ಹೆಪ್ಪುಗಟ್ಟಿ ಉಳಿದಿದೆ ಎಂದು ಮಾರಿಯೋ ಅಕುನ್ಯಾ ಅವರ ಕಾಂತಮಾಪಕ ತಂಡ ಕಂಡುಹಿಡಿದದ್ದು ಈ ಇಳಿತಗಳಲ್ಲೇ. 400 ಕಿ.ಮೀ. ಎತ್ತರದಿಂದ ಅಷ್ಟು ಸ್ಪಷ್ಟವಾಗಿ ಕಾಣದ ಸಂಕೇತ ಅದು. ನೂರು ಚಿಲ್ಲರೆ ಕಿ.ಮೀ.ಗೆ, ವಿದ್ಯುದಂಶ ತುಂಬಿದ ಮೇಲುಗಾಳಿಯ ಪದರವಾದ ಅಯಾನುಗೋಳದ ಕೆಳಗೆ ಇಳಿದಾಗ ಢಾಳಾಗಿ ಸಿಕ್ಕಿತು. ಸುತ್ತುಗಳು ಹೆಚ್ಚಿದಷ್ಟೂ ನಕ್ಷೆ ತುಂಬಿತು. ನಿಲುಗಡೆಯ ತಿಂಗಳುಗಳಲ್ಲಿ ಲೇಸರ್ ಮಾಪಕ ಉತ್ತರ ಧ್ರುವದ ಹಿಮದ ಎತ್ತರ ಅಳೆಯಿತು. 1998ರ ಏಪ್ರಿಲ್ 5ರಂದು ಸೈಡೋನಿಯಾ ಎಂಬ ಪ್ರದೇಶದ 'ಮಂಗಳದ ಮುಖ'ದ ಚಿತ್ರವೂ ಬಂತು. 1976ರಲ್ಲಿ ವೈಕಿಂಗ್ ತೆಗೆದ ಮಸುಕು ಚಿತ್ರದಿಂದ ಹುಟ್ಟಿದ್ದ ಕಥೆಗಳೆಲ್ಲ ಸವೆದ ಒಂದು ಗುಡ್ಡವಾಗಿ ನಿಂತವು. ಆಮೇಲೂ ಕಥೆ ನಿಂತಿಲ್ಲ, ಅದು ಬೇರೆ ಮಾತು.

1999ರ ಫೆಬ್ರವರಿ 4ರಂದು ಏರೋಬ್ರೇಕಿಂಗ್ ಮುಗಿಯಿತು. ಫಲಕ ಕೊನೆಯವರೆಗೂ ಲಾಕ್ ಆಗಲಿಲ್ಲ, ಮುರಿಯಲೂ ಇಲ್ಲ. ನೌಕೆ ದುಡಿದದ್ದು 2006ರ ನವೆಂಬರ್‌ವರೆಗೆ. ಅದರ ಅಂತ್ಯಕ್ಕೆ ಕಾರಣವಾದದ್ದು ಯೋಕ್ ಅಲ್ಲ, ತಿಂಗಳುಗಳ ಹಿಂದೆ ಕಂಪ್ಯೂಟರಿನ ತಪ್ಪು ವಿಳಾಸಕ್ಕೆ ಹೋದ ಒಂದು ಆದೇಶ. ಅದರಿಂದ ಶುರುವಾದ ಸರಪಳಿಯಲ್ಲಿ ಬ್ಯಾಟರಿ ಬಿಸಿಲಿಗೆ ಬಿದ್ದು ಕಾದು ಕೆಟ್ಟಿತು.

ಶುಕ್ರಕ್ಕೆ ಇದನ್ನು ಒಯ್ದರೆ

"ಶುಕ್ರದಾಗೂ ಈ ಎರಡ ಗಂಟೆ ಕಾಟ ಇರ್ತೈತೇನ್ರಿ?" ಎಂಬ ಪ್ರಶ್ನೆ ಬಂದದ್ದು ಹಾವೇರಿಯ ಹುಡುಗಿಯಿಂದ. ಇರುವುದಿಲ್ಲ. ಶುಕ್ರ ತನ್ನ ಸುತ್ತ ತಿರುಗಲು 243 ದಿನ ತೆಗೆದುಕೊಳ್ಳುತ್ತದೆ, ಹಾಗಾಗಿ ಅದಕ್ಕೆ ನಡುವಿನ ಉಬ್ಬೇ ಇಲ್ಲವೆನ್ನಬಹುದು. ಉಬ್ಬಿಲ್ಲದೆ ಸೂರ್ಯನ ಜೊತೆ ಹೆಜ್ಜೆ ಹಾಕುವ ಕಕ್ಷೆಯಿಲ್ಲ, ಬೀಗ ಬೀಳುವ ಗಂಟೆಯೂ ಇಲ್ಲ. ಏನೇ ಮಾಡಿದರೂ ಕಕ್ಷೆಯ ಗಂಟೆ ದಿನಕ್ಕೆ ಆರು ನಿಮಿಷದ ಮೇಲೆ ಜಾರುತ್ತಲೇ ಇರುತ್ತದೆ.

ಕಾಟ ಬೇರೆ ಕಡೆಯಿಂದ ಬರುತ್ತದೆ. ಉದ್ದ ಕಕ್ಷೆಯಿಂದ ಶುಕ್ರದ ಗಾಳಿಗೆ ಇಳಿಯುವ ವೇಗ ಸೆಕೆಂಡಿಗೆ 10 ಕಿ.ಮೀ.ಗೆ ಹತ್ತಿರ, ಮಂಗಳದ ಎರಡು ಪಟ್ಟು. ಒತ್ತಡ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ, ಮೈಮೇಲೆ ಬೀಳುವ ಕಾವು ವೇಗದ ಘನಕ್ಕೆ ತಕ್ಕಂತೆ. ಅಂದರೆ ಅದೇ 0.2 ಒತ್ತಡಕ್ಕೆ ಅಲ್ಲಿ ಕಾವು ಎರಡು ಪಟ್ಟು, ಅದೂ ಸೂರ್ಯನಿಗೆ ಇನ್ನೂ ಹತ್ತಿರದ ಗ್ರಹದಲ್ಲಿ. ಅಲ್ಲಿ ಮೊದಲು ನೋಡಬೇಕಾದದ್ದು ಫಲಕದ ಬಲವನ್ನಲ್ಲ, ಕೋಶಗಳನ್ನು ಹಿಡಿದಿರುವ ಅಂಟು ಮತ್ತು ಬೆಸುಗೆ ಎಷ್ಟು ಬಿಸಿ ತಾಳುತ್ತವೆ ಎಂಬುದನ್ನು. ಶುಕ್ರದಲ್ಲಿ ಇದನ್ನು ಮೊದಲು ಮಾಡಿ ತೋರಿಸಿದ್ದು ನಾಸಾದ ಮೆಗೆಲನ್. 1993ರ ಮೇ 25ರಿಂದ ಆಗಸ್ಟ್ 3ರವರೆಗೆ, ಇಂಥ ಕೆಲಸಕ್ಕೆಂದು ಕಟ್ಟಿರದ ನೌಕೆಯೊಂದು ತನ್ನ ದೂರಬಿಂದುವನ್ನು ಸುಮಾರು 8,500 ಕಿ.ಮೀ.ನಿಂದ 540ಕ್ಕೆ ಇಳಿಸಿಕೊಂಡಿತು. ಮುಂದಿನ ಶನಿವಾರಕ್ಕೆ ಅದರ ಅಂಕಿಗಳನ್ನು ಮುಂಡರಗಿಯ ಹುಡುಗ ತರುತ್ತಾನೆ, ಕಾವಿನ ಲೆಕ್ಕವನ್ನು 0.4ರ ಪಕ್ಷದವನಿಗೇ ವಹಿಸಿದ್ದೇವೆ.